ಮಾಸಿಯಲ್ಲಿ ಇಟ್ಟ ಪೊಂಗಲ್

ನನ್ನ ಕೆಲಸಕ್ಕೆ ವರ್ಷದಲ್ಲಿ ನಾಲ್ಕೇ ತಿಂಗಳು ಆಯುಸ್ಸು. ಡಿಸೆಂಬರಿನಲ್ಲಿ ಕರೆಯುತ್ತಾರೆ, ಮಾರ್ಚ್ ಮೂವತ್ತೊಂದಕ್ಕೆ ಕಳಿಸಿಬಿಡುತ್ತಾರೆ. ಮೊದಲ ವರ್ಷ ಹರೂರಿನ ಸುತ್ತಿನ ಕೆರೆಗಳಲ್ಲಿ ಚಳಿಗಾಲದ ಹಕ್ಕಿಗಳನ್ನು ಎಣಿಸಿ, ಶಾಲೆಯಿಂದ ಶಾಲೆಗೆ ಬಸ್ಸಿನಲ್ಲಿ ಅಲೆದು ಮಕ್ಕಳಿಗೆ ಅವುಗಳ ವಿಷಯ ಹೇಳಿದೆ. ಎರಡನೆಯ ವರ್ಷ ಪಾಲಮಲೆಗೆ ಹಾಕಿದರು. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿಕೊಂಡು ಮನೆಯಲ್ಲಿ ಕೂತಿದ್ದವಳನ್ನು ಸೇಲಂನ ಆ ಸಣ್ಣ ಸಂಸ್ಥೆಯವರು ಅಲ್ಲಿಗೆ ಆರಿಸಿದ್ದಕ್ಕೆ ನನ್ನ ಓದಿಗಿಂತ ನನ್ನ ಮಾತು ಕಾರಣ. ನಮ್ಮದು ಕೈಮಗ್ಗದ ಮನೆ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಬೆಟ್ಟದ ಮೇಲಿನ ಆ ಹಳ್ಳಿಯಲ್ಲೂ ಹಳಬರೆಲ್ಲ ನಮ್ಮಂಥದೇ ಕನ್ನಡ ಆಡುತ್ತಾರೆ.

ಕೆಲಸ ಕೇಳುವುದಕ್ಕೆ ಸುಲಭ. ಹೆಜ್ಜೇನು ಕಟ್ಟುವ ದೊಡ್ಡ ಮರಗಳನ್ನು ಗುರುತಿಸಬೇಕು, ಹುಟ್ಟುಗಳನ್ನು ಎಣಿಸಿ ಬರೆದುಕೊಳ್ಳಬೇಕು, ಅಂಥ ಮರಗಳನ್ನು ಕಡಿಯಬೇಡಿ ಎಂದು ಊರವರಿಗೆ ಹೇಳಬೇಕು. ಅದನ್ನೆಲ್ಲ ಮೂರು ನಾಲ್ಕು ನಿಮಿಷದ ವೀಡಿಯೋ ಮಾಡಿ ಸೇಲಂಗೆ ಕಳಿಸಿದರೆ ಅಲ್ಲಿಂದ ಬೇರೆ ಬೇರೆ ಊರಿನ ಫೋನುಗಳಿಗೆ ಹೋಗುತ್ತದೆ. ಸೋಮವಾರ ಕೊಳತ್ತೂರಿನಿಂದ ಜೀಪು ಹತ್ತಿ ಮೇಲೆ ಹೋದರೆ ಶುಕ್ರವಾರ ಇಳಿಯುತ್ತಿದ್ದೆ. ಉಳಿದುಕೊಳ್ಳುತ್ತಿದ್ದದ್ದು ಆ ಜೀಪು ಓಡಿಸುವವನ ಮನೆಯಲ್ಲಿ, ಅವನ ತಾಯಿಯ ಪಕ್ಕದ ಚಾಪೆಯಲ್ಲಿ.

ಆಕೆಯನ್ನು ಊರೆಲ್ಲ ಅವ್ವ ಎನ್ನುತ್ತಿತ್ತು. ನಾನೂ ಹಾಗೇ ಕರೆದೆ. ಎಪ್ಪತ್ತು ದಾಟಿದ, ಸಣಕಲು ಮೈಯ, ಬಾಯಿ ತುಂಬ ಮಾತಿನ ಹೆಂಗಸು. ಮೊದಲ ದಿನ ನಾನು ಕತ್ತು ಮೇಲೆತ್ತಿ ಹುಟ್ಟು ಎಣಿಸುತ್ತಿದ್ದಾಗ ಬಂದು ಪಕ್ಕದಲ್ಲಿ ನಿಂತಳು.

"ಏನ್ ಟೀಚರಮ್ಮಾ, ಎಷ್ಟು ಐತೆ?"

"ಅತ್ತೊಂಬತ್ತು ಅವ್ವ."

"ನೆನ್ನೆನೂ ಅಷ್ಟೇ ಇತ್ತಲ್ಲಾ. ಇದಕ್ಕಾ ನಿಂಗೆ ಸಂಬಳ ಕೊಡ್ತಾರೆ? ನಮ್ಮೂರಾಗೆ ಆಡು ಎಣ್ಸೋನಿಗೇ ಯಾರೂ ಕೊಡಲ್ಲ, ಅವು ಓಡಾಡ್ತವೆ ಬೇರೆ."

ನಾನು ಟೀಚರ್ ಅಲ್ಲ ಎಂದು ಎಷ್ಟು ಸಲ ಹೇಳಿದರೂ ಆಕೆಗೆ ನಾನು ಟೀಚರಮ್ಮನೇ. ಪುಸ್ತಕ ಹಿಡಿದು ಬಂದವರೆಲ್ಲ ಟೀಚರು.

ಆ ಮರ ಶಾಲೆಯ ಮುಂದೆ, ಮೂವತ್ತು ಹೆಜ್ಜೆ ದೂರದಲ್ಲಿತ್ತು. ಭಾರಿ ಬಸರಿ ಮರ. ನೆಲದಿಂದ ಬಹಳ ಎತ್ತರದಲ್ಲಿ ಅಡ್ಡ ಚಾಚಿದ ಕೊಂಬೆಗಳ ಕೆಳಗೆ ಹೆಜ್ಜೇನು ಹುಟ್ಟುಗಳು ಕಪ್ಪು ಮೊರಗಳ ಹಾಗೆ ಸಾಲಾಗಿ ತೂಗುತ್ತಿದ್ದವು. ಶಾಲೆ ಎಂದರೆ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು, ಹದಿನಾಲ್ಕು ಮಕ್ಕಳು. ಊರಿನಲ್ಲಿ ಫೋನಿಗೆ ಸಿಗ್ನಲ್ ಸಿಗುವ ಜಾಗವೂ ಆ ಮರದ ಬುಡವೇ. ದೊಡ್ಡ ಬೇರೊಂದರ ಮೇಲೆ ಹತ್ತಿ ನಿಂತರೆ ಎರಡು ಗೀಟು ಬರುತ್ತಿತ್ತು. ಹುಟ್ಟುಗಳ ಕೆಳಗೆ ನಿಂತು ಜನ ಗಟ್ಟಿಯಾಗಿ ಮಾತಾಡುತ್ತಿದ್ದರು, ಮಕ್ಕಳು ಆಡುತ್ತಿದ್ದವು, ಆಡುಗಳು ಮಲಗುತ್ತಿದ್ದವು. ಯಾರಿಗೂ ಏನೂ ಆಗುತ್ತಿರಲಿಲ್ಲ. ನನ್ನ ಮೊದಲ ವೀಡಿಯೋದಲ್ಲಿ ನಾನು ಹೇಳಿದ್ದೇ ಅದು: ನೋಡಿ, ಇಲ್ಲಿ ಜನ ಮತ್ತು ಹೆಜ್ಜೇನು ಎಷ್ಟು ಹೊಂದಿಕೊಂಡು ಬದುಕುತ್ತಿದ್ದಾರೆ.

ಆ ಮರಕ್ಕೆ ವರ್ಷಕ್ಕೊಂದು ಪೂಜೆ ಇದೆ ಎಂದು ತಿಳಿದದ್ದು ಅವ್ವನಿಂದ. ಆಡಿ ತಿಂಗಳಲ್ಲಿ ಊರಿನ ಹೆಂಗಸರು ಮರದ ಬುಡದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿ ಹೊಸ ಮಡಕೆಯಲ್ಲಿ ಪೊಂಗಲ್ ಇಡುತ್ತಾರೆ. ಮೊದಲ ಮಡಕೆ ಅವ್ವನದು. ಅದು ಆಕೆಗೆ ಅತ್ತೆಯಿಂದ ಬಂದದ್ದು, ಅತ್ತೆಗೆ ಅವರ ಅತ್ತೆಯಿಂದ. ಮೊದಲ ಮಡಕೆ ಒಲೆಗೇರಿದ ಮೇಲೆ ಉಕ್ಕುವವರೆಗೂ ಅದನ್ನು ಬಿಟ್ಟು ಏಳುವಂತಿಲ್ಲ. ಉಕ್ಕಿದ ಮೇಲೆ ಒಂದು ಹಿಡಿ ತೆಗೆದು ಬೇರಿನ ಮೇಲಿಟ್ಟು ಎಲ್ಲರೂ ಉಣ್ಣುತ್ತಾರೆ. ಇದನ್ನೆಲ್ಲ ಆಕೆ ಹೇಳುತ್ತಿದ್ದಾಗ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಪೊಂಗಲ್, ಆಡಿ. ಅದರ ಎದುರು ಪುಟದಲ್ಲಿ ಬೇರೊಂದು ದಿನ ಬರೆದ ಸಾಲಿತ್ತು: ಹೆಜ್ಜೇನು ಕಾರ್ತಿಕದಲ್ಲಿ ಬರುತ್ತವೆ, ಮಳೆಗೆ ಮೊದಲು ಬಿಟ್ಟು ಹೋಗುತ್ತವೆ, ಆಡಿಯಲ್ಲಿ ಮರ ಖಾಲಿ. ಎರಡೂ ನನ್ನದೇ ಅಕ್ಷರ. ಪುಸ್ತಕ ಮುಚ್ಚಿದರೆ ಒಂದರ ಮೇಲೊಂದು ಬಂದು ಕೂರುವ ಎರಡು ಸಾಲು. ನಾನು ಆ ಎರಡನ್ನೂ ಸೇರಿಸಿ ಒಮ್ಮೆಯೂ ಓದಲಿಲ್ಲ.

ಫೆಬ್ರವರಿ ಕೊನೆಗೆ ಸೇಲಂನಿಂದ ನಮ್ಮ ಸಂಯೋಜಕರ ಫೋನ್ ಬಂತು. ಒಳ್ಳೆಯ ಮನುಷ್ಯ. ಯಾವತ್ತೂ ಗದರಿದವರಲ್ಲ. ಈ ವರ್ಷದ ಕೊನೆಯ ವೀಡಿಯೋ ಚೆನ್ನಾಗಿರಬೇಕು, ಜನ, ಮರ, ಜೇನು ಮೂರೂ ಒಂದೇ ಚೌಕಟ್ಟಿನಲ್ಲಿ ಬರಬೇಕು ಎಂದರು. ನಾನು ಪೊಂಗಲಿನ ವಿಷಯ ಹೇಳಿದೆ. ಅವರಿಗೆ ಬಹಳ ಹಿಡಿಸಿತು. ಆದರೆ ತಮಿಳು ತಿಂಗಳಲ್ಲಿ ಆಗಿನ್ನೂ ಮಾಸಿ, ಮಾರ್ಚ್ ಮಧ್ಯದಿಂದ ಪಂಗುನಿ; ಆಡಿ ಎಂದರೆ ಜುಲೈ. ಅಷ್ಟರಲ್ಲಿ ನಾನು ಇರುವುದಿಲ್ಲ, ಯೋಜನೆಯೂ ಇರುವುದಿಲ್ಲ. "ಕೇಳಿ ನೋಡು, ಮಾರ್ಚಿನಲ್ಲೇ ಒಮ್ಮೆ ಮಾಡುತ್ತಾರಾ ಅಂತ" ಎಂದರು ತಮಿಳಿನಲ್ಲಿ. ಬಲವಂತ ಮಾಡಬೇಡ ಎಂದೂ ಹೇಳಿದರು.

ಅವತ್ತು ಸಂಜೆ ಅವ್ವ ಜಗುಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ಜೀಪು ತೊಳೆಯುತ್ತಿದ್ದ ಮಗ ಅಲ್ಲೇ ಅಂಗಳದಲ್ಲಿದ್ದ.

"ಅವ್ವಾ, ಮರಕ್ಕೆ ಪೊಂಗಲ್ ಇಕ್ತೀರಲ್ಲ, ಅದನ್ನ ಈ ಮಾಸೀಲೇ ಒಂದ್ಸಾರಿ ಮಾಡಿದ್ರೆ ಆಗಲ್ವಾ?"

ಮೊರ ನಿಂತಿತು. "ಮಾಸೀಲಾ? ಮಾಸೀಲಿ ಯಾರು ಇಕ್ತಾರೆ?"

"ನಮ್ದು ಪಂಗುನಿಗೆ ಮುಗ್ದೋಗುತ್ತೆ ಅವ್ವ. ಅಪ್ಪುರಂ ನಾನು ಬರಾಕಾಗಲ್ಲ."

"ನೀ ಬರದಿದ್ರೆ ಮರ ಅಳುತ್ತಾ?" ಎಂದು ಆಕೆ ನಕ್ಕಳು. ಆಮೇಲೆ ನನ್ನ ಮುಖ ನೋಡಿದಳು.

"ಮಾಸೀಲಿ ಯಾಕೆ ಮಾಡಲ್ಲ ಅವ್ವ?"

"ಮಾಡಲ್ಲ. ನಮ್ಮತ್ತೆ ಮಾಡ್ತಿರ್ಲಿಲ್ಲ."

"ಅದೇ ಯಾಕೆ ಅಂತ?"

"ಅತ್ತೇನ ಯಾಕೆ ಅಂತ ಕೇಳೋ ಸೊಸೆನಾ ನಾನು? ಕೇಳಿದ್ರೆ ಬೆನ್ನು ಇರ್ತಿತ್ತಾ?"

ಮಗ ಬಕೆಟ್ಟು ಕೆಳಗಿಟ್ಟು ಹೇಳಿದ: "ಬಿಡವ್ವಾ, ಪಡಂ ಪುಡಿಯೋಕೆ, ವೀಡಿಯೋ ತೆಗೆಯೋಕೆ ತಾನೇ ಕೇಳ್ತಾವ್ರೆ. ಒಂದ್ ಪಾನೆ ಪೊಂಗಲ್ ಇಕ್ಕು. ನಿನ್ ಮೂತಿ ಸೇಲಂನಾಗೆಲ್ಲಾ ಬರುತ್ತೆ."

"ನನ್ ಮೂತಿ ನೋಡಿ ಸೇಲಂನೋರು ಊಟ ಬಿಡ್ಲಿ ಅಂತಾ?" ಎಂದಳು ಅವ್ವ. ಸ್ವಲ್ಪ ಹೊತ್ತು ಹುರುಳಿ ಕೇರಿದಳು. ಆಮೇಲೆ, "ಶರಿ ಟೀಚರಮ್ಮಾ. ನೀನು ಓದಿರೋಳು. ನಿನಗೆ ಗೊತ್ತಿಲ್ದೆ ಕೇಳ್ತೀಯಾ?" ಎಂದಳು.

ಈ ಮಾತನ್ನು ನಾನು ಆಗ ಒಪ್ಪಿಗೆ ಎಂದುಕೊಂಡೆ. ಇವತ್ತಿಗೂ ಅದು ಒಪ್ಪಿಗೆಯೇ, ಅನುಮಾನವಿಲ್ಲ. ಆಕೆ ನನ್ನ ಓದನ್ನು ನಂಬಿದಳು.

ನನಗೂ ಓದಿನ ಧೈರ್ಯವೇ ಇತ್ತು. ಕಾಲೇಜಿನಲ್ಲಿ ಎರಡು ದಿನ ಜೇನು ಸಾಕಣೆಯ ತರಬೇತಿ ಕೊಟ್ಟಿದ್ದರು. ಪೆಟ್ಟಿಗೆಯ ಜೇನಿಗೆ ಹೊಗೆ ಹಿಡಿದರೆ ಹುಳ ಸುಮ್ಮನಾಗುತ್ತದೆ ಎಂದು ತೋರಿಸಿದ್ದರು. ನಾನೇ ಕೈಯಲ್ಲಿ ಹೊಗೆಡಬ್ಬಿ ಹಿಡಿದು ಊದಿದ್ದೆ. ಹೊಗೆ ಎಂದರೆ ಜೇನು ಶಾಂತವಾಗುತ್ತದೆ ಎಂಬುದು ನನ್ನ ತಲೆಯಲ್ಲಿ ಹಾಗೆಯೇ ಕೂತಿತ್ತು. ಪೆಟ್ಟಿಗೆಯೊಳಗೆ ಕತ್ತಲಲ್ಲಿರುವ ಸಣ್ಣ ಜೇನು ಬೇರೆ, ಬಯಲಲ್ಲಿ ತೂಗುವ ಹೆಜ್ಜೇನು ಬೇರೆ ಎಂದು ನನಗೆ ಗೊತ್ತಿರಲಿಲ್ಲ ಎನ್ನಲಾರೆ. ಪರೀಕ್ಷೆಯಲ್ಲಿ ಕೇಳಿದ್ದರೆ ಬರೆಯುತ್ತಿದ್ದೆ.

ಆ ದಿನ ಬೇರೆ ಹೆಂಗಸರು ಯಾರೂ ಬರಲಿಲ್ಲ. ಮಾಸಿಯಲ್ಲಿ ಮರಕ್ಕೆ ಪೊಂಗಲ್ ಇಡಲು ತಮಗೇನು ಹುಚ್ಚೇ ಎಂದು ನಗುತ್ತಾ ಕೆಳಗಿನ ಹೊಲಗಳಿಗೆ ಹೋದರು. ಮೇಷ್ಟ್ರು ಕೊಳತ್ತೂರಿನಲ್ಲಿ ಮೀಟಿಂಗ್ ಇದೆಯೆಂದು ಮಕ್ಕಳನ್ನು ನನಗೆ ಒಪ್ಪಿಸಿ ಬೆಳಗ್ಗೆಯೇ ಜೀಪಿನಲ್ಲಿ ಇಳಿದಿದ್ದರು. ಅವರನ್ನು ಬಿಟ್ಟು ಬರಲು ಅವ್ವನ ಮಗನೂ ಹೋಗಿದ್ದ. ಮರದಡಿ ಇದ್ದದ್ದು ನಾನು, ಅವ್ವ, ಹದಿನಾಲ್ಕು ಮಕ್ಕಳು. ಅವ್ವ ಹಬ್ಬದ ಸೀರೆ ಉಟ್ಟಿದ್ದಳು. ಮಡಕೆಯ ಕತ್ತಿಗೆ ಅರಿಸಿನದ ಕೊಂಬು ಕಟ್ಟಿದ್ದಳು.

ವೀಡಿಯೋ ನನ್ನ ಫೋನಿನಲ್ಲಿ ಇದೆ. ಅಳಿಸಿಲ್ಲ. ನಾಲ್ಕು ನಿಮಿಷ ಚಿಲ್ಲರೆ. ಮೊದಲು ಅವ್ವ ಒಲೆಗೆ ಕಡ್ಡಿ ಗೀರುತ್ತಾಳೆ. ಸೌದೆ ಹಸಿಯಿದೆ, ಹತ್ತುವುದಿಲ್ಲ. ಅವ್ವ ಬೈಯುತ್ತಾಳೆ, ಮಕ್ಕಳು ನಗುತ್ತವೆ. ಒಣ ಎಲೆ ತಂದು ತುರುಕುತ್ತಾರೆ. ಹೊಗೆ ದಟ್ಟವಾಗಿ ಏಳುತ್ತದೆ. ಎಲೆಗಳ ನಡುವೆ ಬರುವ ಬಿಸಿಲು ಆ ಹೊಗೆಯಲ್ಲಿ ಕೋಲು ಕೋಲಾಗಿ ಕಾಣುತ್ತದೆ. ಕ್ಯಾಮೆರಾ ಆ ಕೋಲುಗಳನ್ನು ಹಿಡಿದು ನಿಧಾನವಾಗಿ ಮೇಲೆ ಹೋಗುತ್ತದೆ. ನನಗೆ ಆಗ ಆದ ಸಂತೋಷ ಆ ಚಲನೆಯಲ್ಲಿ ಕಾಣುತ್ತದೆ, ಕೈ ಒಂದು ಚೂರೂ ನಡುಗಿಲ್ಲ. ಮೇಲೆ ಹುಟ್ಟುಗಳ ಮೇಲ್ಮೈ ಮಿನುಗುತ್ತಿದೆ. ಹುಳಗಳೆಲ್ಲ ಒಟ್ಟಿಗೆ ಹಿಂಭಾಗ ಎತ್ತಿ ಇಳಿಸುವುದರಿಂದ ಒಂದು ಅಲೆ ಈ ಅಂಚಿನಿಂದ ಆ ಅಂಚಿಗೆ ಓಡುತ್ತದೆ, ಮತ್ತೆ ಓಡುತ್ತದೆ. ಅಲ್ಲಿ ನನ್ನ ದನಿ ಬರುತ್ತದೆ, ತಿಳಿಯಾದ, ಪಾಠ ಹೇಳುವ ದನಿ: "ಮಕ್ಕಳೇ, ಅಲೆ ನೋಡಿದ್ರಾ? ಅಪಾಯ ಹತ್ತಿರ ಬಂದಾಗ ಹೆಜ್ಜೇನು ಹೀಗೆ ಎಚ್ಚರಿಕೆ ಕೊಡ್ತವೆ."

ನಾನೇ ಹೇಳಿದ್ದೇನೆ. ಹೇಳಿ ಅಲ್ಲೇ ನಿಂತಿದ್ದೇನೆ.

ಆಮೇಲೆ ಇನ್ನೂ ಒಂದೂವರೆ ನಿಮಿಷ ವೀಡಿಯೋ ಇದೆ. ಆ ಒಂದೂವರೆ ನಿಮಿಷದಲ್ಲಿ ಒಲೆಯ ಮೇಲೆ ಒಂದು ಚೊಂಬು ನೀರು ಸುರಿಯಬಹುದಿತ್ತು. ಚೊಂಬು ಚಿತ್ರದಲ್ಲೇ ಇದೆ, ಅವ್ವನ ಎಡಗಡೆ, ತುಂಬಿಕೊಂಡಿದೆ.

ಕೊನೆಗೆ ಒಂದು ಹುಟ್ಟಿನ ಕೆಳಭಾಗ ಕಳಚಿಕೊಂಡಂತೆ ಜೋತುಬಿತ್ತು. ಹಗ್ಗದ ತುಂಡೊಂದು ಬಿದ್ದ ಹಾಗೆ. ಅದು ನೆಲ ಮುಟ್ಟುವ ಮೊದಲೇ ಬಿಚ್ಚಿ ಹರಡಿತು. ಶಬ್ದ ಆಮೇಲೆ ಬಂತು. ನಾನು ಫೋನು ಕೈಬಿಟ್ಟೆ. "ಸ್ಕೂಲಿಗೆ ಓಡಿ, ಓಡಿ!" ಎಂದು ಕೂಗಿದೆ. ಮಕ್ಕಳು ಓಡಿದವು. ಚಿಕ್ಕ ಇಬ್ಬರನ್ನು ನಾನೇ ಎತ್ತಿಕೊಂಡು ಓಡಿದೆ. ಬಾಗಿಲಲ್ಲಿ ನಿಂತು ಎಣಿಸಿ ಒಳಗೆ ನೂಕಿದೆ, ಹದಿನಾಲ್ಕು. ತಿರುಗಿ, "ಅವ್ವಾ, ಬಾ ಒಳಗೆ!" ಎಂದು ಅರಚಿದೆ.

ಅವ್ವ ಎದ್ದಿರಲಿಲ್ಲ. ಸೌಟು ಹಿಡಿದು ಮಡಕೆಯ ಕಡೆ ಬಗ್ಗಿದ್ದಳು. ಅದು ಇನ್ನೂ ಉಕ್ಕಿರಲಿಲ್ಲ. ನನ್ನ ಕಡೆ ಕೈ ಬೀಸಿದಳು, ನೀವು ಹೋಗಿ ಎಂಬಂತೆ. ನಾನು ಮೆಟ್ಟಿಲು ಇಳಿದು ಐದಾರು ಹೆಜ್ಜೆ ಹೋದೆ. ಕತ್ತಿಗೆ, ಕಿವಿಗೆ, ಕಣ್ಣಿನ ಕೆಳಗೆ ಒಟ್ಟಿಗೆ ಕಚ್ಚಿದವು. ಕಾಸಿದ ಸೂಜಿ ಹೊಡೆದ ಹಾಗೆ. ನಾನು ತಿರುಗಿ ಓಡಿದೆ. ಒಳಗೆ ನುಗ್ಗಿ ಬಾಗಿಲು ಹಾಕಿ ಚಿಲಕ ಎಳೆದೆ. ಇದನ್ನು ಬೇರೆ ಯಾವ ರೀತಿಯಲ್ಲೂ ಹೇಳಲು ನನಗೆ ಬರುವುದಿಲ್ಲ. ಅವ್ವ ಹೊರಗಿದ್ದಳು, ಚಿಲಕ ಎಳೆದದ್ದು ನಾನು.

ಕಿಟಕಿಯ ಮರದ ಬಾಗಿಲಲ್ಲಿ ಬೆರಳಗಲದ ಸಂದಿ ಇತ್ತು. ನಾನು ಅಲ್ಲಿಂದ ನೋಡಿದೆ. ಅವ್ವ ಸೆರಗನ್ನು ತಲೆ ಮುಖದ ಮೇಲೆ ಎಳೆದುಕೊಂಡು ಮರದ ಬುಡಕ್ಕೆ ಮುಖ ಮಾಡಿ ಕೂತಿದ್ದಳು. ಮೊದಮೊದಲು ಕೈ ಆಡಿಸುತ್ತಿದ್ದಳು. ಆಮೇಲೆ ಆಡಿಸಲಿಲ್ಲ. ಹಬ್ಬದ ಸೀರೆಯ ಬಣ್ಣ ಕಾಣದ ಹಾಗೆ ಬೆನ್ನು ಕಪ್ಪಾಯಿತು.

ನಾನು ಚಿಲಕಕ್ಕೆ ಕೈ ಹಾಕಿದೆ. ಹಿಂದಿನಿಂದ ಒಂದು ಹುಡುಗಿ ನನ್ನ ಚೂಡಿದಾರದ ತುದಿ ಹಿಡಿದುಕೊಂಡಳು. ಒಂಬತ್ತು ವರ್ಷದವಳಿರಬೇಕು.

"ತೆಗೀಬೇಡಿ ಟೀಚರ್. ಎಲ್ಲಾ ಉಳ್ಳೆ ಬಂದುಡುಂ, ಒಳಗೆ ಬಂದ್ಬಿಡ್ತವೆ. ತೆಗೀಬೇಡಿ."

"ಅವ್ವ ಐತೆ ಅಲ್ಲಿ."

"ಗೊತ್ತು ಟೀಚರ್. ತೆಗೀಬೇಡಿ."

ಚಿಕ್ಕ ಮಕ್ಕಳು ಬಾಯಿ ಬಿಟ್ಟು ಅಳುತ್ತಿದ್ದವು. ಇಬ್ಬರ ಮುಖ ಊದಿತ್ತು. ಹೆಂಚಿನ ಸಂದಿಯಿಂದ ಒಂದೊಂದು ಹುಳ ಬರುತ್ತಿತ್ತು, ದೊಡ್ಡ ಹುಡುಗರು ಪುಸ್ತಕದಿಂದ ಹೊಡೆಯುತ್ತಿದ್ದರು. ಫೋನು ಹೊರಗೆ ಬಿದ್ದಿತ್ತು. ಇದ್ದಿದ್ದರೂ ಮರದ ಬೇರಿನ ಮೇಲೆ ನಿಂತರೆ ಮಾತ್ರ ಯಾರನ್ನಾದರೂ ಕರೆಯಬಹುದಿತ್ತು. ನಾನು ಸಂದಿಯಿಂದ "ಅವ್ವಾ, ಅವ್ವಾ" ಎಂದು ಕೂಗುತ್ತಿದ್ದೆ. ಯಾಕೆ ಕೂಗಿದೆ ಗೊತ್ತಿಲ್ಲ. ಒಂದು ಸಲ ಆಕೆ "ಆಂ" ಎಂದಳು. ಹೊಲದಿಂದ ಕರೆದರೆ ಓಗೊಡುವ ಹಾಗೆ. ಅದನ್ನು ಕೇಳಿ ನನಗೆ ಇನ್ನೊಮ್ಮೆ ಕೂಗಲು ಧೈರ್ಯ ಬರಲಿಲ್ಲ.

ಗೋಡೆಯ ಗಡಿಯಾರದಲ್ಲಿ ಮುಕ್ಕಾಲು ಗಂಟೆ ಹೋಯಿತು. ಜೀಪಿನ ಶಬ್ದ ಕೇಳಿತು, ನಿಂತಿತು. ಅವ್ವನ ಮಗ ಮನೆಗೆ ಓಡಿದ್ದು, ನೆನೆಸಿದ ಕಂಬಳಿ ಸುತ್ತಿಕೊಂಡು ಬಗ್ಗಿ ಬಂದದ್ದು, ತಾಯಿಯ ಮೇಲೆ ಕಂಬಳಿ ಹೊದಿಸಿ ಎತ್ತಿಕೊಂಡು ಹೋದದ್ದು, ಎಲ್ಲ ಆ ಬೆರಳಗಲದಲ್ಲಿ ಕಂಡಿತು. ಎಷ್ಟು ಹೊತ್ತು ಹಿಡಿಯಿತು? ಎರಡು ನಿಮಿಷವೂ ಇಲ್ಲ.

ನಾವಿದ್ದ ಶಾಲೆಯ ಕೋಣೆಯ ನೆಲದ ಮೇಲೆ ಜಮಖಾನ ಹಾಸಿತ್ತು. ಮಕ್ಕಳು ಪಾಠಕ್ಕೆ ಕೂರುವ ದಪ್ಪ ಜಮಖಾನ, ನಾಲ್ಕು ಜನ ಹೊದೆಯುವಷ್ಟು ಅಗಲ. ಮೂಲೆಯಲ್ಲಿ ಕೊಡದ ತುಂಬ ನೀರಿತ್ತು. ಮುಕ್ಕಾಲು ಗಂಟೆ ನಾನು ಆ ಜಮಖಾನದ ಮೇಲೆ ನಿಂತಿದ್ದೆ. ನೇಯುವ ಮನೆಯಲ್ಲಿ ಹುಟ್ಟಿದವಳಿಗೆ ಕಾಲಡಿಯ ಬಟ್ಟೆ ಕಾಣಲಿಲ್ಲ. ಅದು ಹೊಳೆದದ್ದು ಎಂಟನೆಯ ದಿನ, ಆಸ್ಪತ್ರೆಯ ಪಡಸಾಲೆಯಲ್ಲಿ, ಯಾರೋ ನೆಲದ ಮೇಲೆ ಜಮಖಾನ ಬಿಡಿಸುವುದನ್ನು ನೋಡಿದಾಗ. ಆಗಿನಿಂದ ದಿನಕ್ಕೆ ಎಷ್ಟು ಸಲ ಆ ಕೋಣೆಯಲ್ಲಿ ನಾನು ಬಗ್ಗುತ್ತೇನೋ, ಅದನ್ನು ಎಳೆದು ಕೊಡದ ನೀರಲ್ಲಿ ನೆನೆಸುತ್ತೇನೋ, ಲೆಕ್ಕವಿಲ್ಲ.

ಹುಳಗಳು ಮೇಲೇರಿದ ಮೇಲೆ ನಾವು ಹೊರಗೆ ಬಂದೆವು. ಜೀಪಿನ ಹಿಂದಿನ ಸೀಟಿನಲ್ಲಿ ಅವ್ವ ಮಲಗಿದ್ದಳು. ಮುಖ ಮುಖದ ಹಾಗಿರಲಿಲ್ಲ. ಕಣ್ಣುಗಳು ಎರಡು ಗೀರು. ಮಗನ ಕೈಗಳು ಊದಿ ಸ್ಟಿಯರಿಂಗ್ ಹಿಡಿಯಲು ಬರುತ್ತಿರಲಿಲ್ಲ, ಆದರೂ ಅವನೇ ಹಿಡಿದ. ಹೊಲದಿಂದ ಓಡಿ ಬಂದ ಹೆಂಗಸರು ಮಕ್ಕಳನ್ನು ತಬ್ಬಿಕೊಂಡರು. ನಾನು ಹತ್ತಿ ಅವ್ವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಮೊದಲ ತಿರುವಿನಲ್ಲಿ ಆಕೆಯ ತುಟಿ ಆಡಿತು. ಕಿವಿ ಹತ್ತಿರ ಒಯ್ದೆ.

"ಟೀಚರಮ್ಮಾ... ಪಡಂ ಬಂತಾ?"

ಬೆಟ್ಟ ಇಳಿಯುವಷ್ಟೂ ಹೊತ್ತು ನಾನು ಆ ಮಾತನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅದು ಚುಚ್ಚು ಮಾತೋ, ನನ್ನ ಕೆಲಸ ಕೆಟ್ಟಿತಲ್ಲ ಎಂಬ ಕನಿಕರವೋ ನನಗೆ ತಿಳಿಯಲಿಲ್ಲ. ಆಕೆಯ ದನಿಯಲ್ಲಿ ಏನನ್ನೂ ಗುರುತಿಸುವಷ್ಟು ದನಿ ಉಳಿದಿರಲಿಲ್ಲ. "ಬಂತು ಅವ್ವ" ಎಂದೆ.

ಮೆಟ್ಟೂರಿನ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಮುಳ್ಳು ತೆಗೆಯಲು ಕೂತರು. ಇಬ್ಬರು ನರ್ಸುಗಳು ಎರಡೂ ಕಡೆ ಕೂತು ತೆಗೆದರು. ಇನ್ನೂರರ ಮೇಲೆ ಎಣಿಸುವುದನ್ನು ಬಿಟ್ಟೆವು ಎಂದರು. ಉಸಿರು ಸರಿಯಾಯಿತು. ಆ ದಿನ ಎಲ್ಲರಿಗೂ ಬದುಕಿದಳು ಅನ್ನಿಸಿತು. ಮರುದಿನ ಮೂತ್ರ ನಿಂತಿತು. ಇಷ್ಟೊಂದು ಹುಳ ಕಚ್ಚಿದಾಗ ವಿಷ ಮೂತ್ರಪಿಂಡಕ್ಕೆ ಹೋಗುತ್ತದೆ, ಸೇಲಂಗೆ ಕರೆದುಕೊಂಡು ಹೋಗಿ ರಕ್ತ ಶುದ್ಧಿ ಮಾಡಿಸಬೇಕು ಎಂದರು. ಆಂಬ್ಯುಲೆನ್ಸಿನಲ್ಲಿ ಸೇಲಂಗೆ ತಂದೆವು. ಅಲ್ಲಿನ ಡಾಕ್ಟರಮ್ಮ ಬಿಡಿಸಿ ಹೇಳಿದರು: ಮೂತ್ರ ತಾನಾಗಿ ಬಂದರೆ ಮೂತ್ರಪಿಂಡ ಎದ್ದಿತು ಎಂದು ಅರ್ಥ, ಈ ವಯಸ್ಸಿನಲ್ಲಿ ಎರಡು ವಾರದೊಳಗೆ ಬರದಿದ್ದರೆ ನಾವು ಏನೂ ಹೇಳಲಾರೆವು.

ಅಂದಿನಿಂದ ನಾವು ಕಾದದ್ದು ಅದೊಂದಕ್ಕೇ. ಹಾಸಿಗೆಯ ಪಕ್ಕದಲ್ಲಿ ಒಂದು ಚೀಲ ತೂಗುತ್ತಿತ್ತು. ಬೆಳಗ್ಗೆ ಸಂಜೆ ಅವ್ವನ ಮಗ ಬಗ್ಗಿ ಅದನ್ನು ನೋಡುತ್ತಿದ್ದ. ಖಾಲಿ. ನನಗೆ ಒಳಗೆ ಹೋಗಲು ಬಿಡುತ್ತಿರಲಿಲ್ಲ, ಒಬ್ಬರಿಗೆ ಮಾತ್ರ ಅವಕಾಶ. ಅವನು ಹೊರಗೆ ಬಂದಾಗ ಮುಖ ನೋಡಿಯೇ ನನಗೆ ತಿಳಿಯುತ್ತಿತ್ತು. ನಮ್ಮ ಮನೆಯೂ ಸೇಲಂನಲ್ಲೇ, ಅಲ್ಲಿಂದ ಎರಡು ಬಸ್ ಸ್ಟಾಪು ದೂರ. ದಿನವೂ ಬೆಳಗ್ಗೆ ಹೋಗಿ ಪಡಸಾಲೆಯಲ್ಲಿ ಕೂರುತ್ತಿದ್ದೆ. ಮಾಡಲು ಏನೂ ಇರುತ್ತಿರಲಿಲ್ಲ. ಔಷಧಿ ಚೀಟಿ ಹಿಡಿದು ಓಡುವುದನ್ನೂ ಅವನು ನನಗೆ ಬಿಡುತ್ತಿರಲಿಲ್ಲ. "ನೀವು ಕುಂತ್ಕೊಳ್ಳಿ" ಎಂದು ತಾನೇ ಹೋಗುತ್ತಿದ್ದ.

ಆರನೆಯ ದಿನ ಊರಿನಿಂದ ಅವನಿಗೆ ಫೋನ್ ಬಂತು. ಹುಟ್ಟುಗಳನ್ನೆಲ್ಲ ಸುಡುತ್ತೇವೆ ಎಂದು ಊರವರು ತೀರ್ಮಾನಿಸಿದ್ದರು. ಫೋನ್ ಇಟ್ಟ ಮೇಲೆ ನಾನು ಹೇಳಿದೆ, ಬೇಡ ಅಣ್ಣಾ, ಅವುಗಳದ್ದು ತಪ್ಪಿಲ್ಲ, ಕಾಲಕ್ಕೆ ಅವಾಗಿಯೇ ಹೋಗುತ್ತವೆ, ಮರಕ್ಕೂ ಬೆಂಕಿ ತಗಲುತ್ತೆ.

ಅವನು ನನ್ನ ಕಡೆ ತಿರುಗಿದ.

"ನಮ್ಮವ್ವ ಒಳಗೆ ಉಚ್ಚೆ ಓಗ್ದೆ ಮಲ್ಗವ್ಳೆ. ನೀವು ಎಜ್ಜೇನಿಗೆ ವಕೀಲ್ರಾ?"

ಸುಟ್ಟರೆಂದು ಆಮೇಲೆ ಕೇಳಿದೆ, ಎಲ್ಲ ಅಲ್ಲ, ಗಳುವಿನ ಪಂಜಿಗೆ ಎಟುಕಿದ ಏಳನ್ನು. ಮೂರು ತಿಂಗಳು ನಾನು ಯಾವುದನ್ನು ಉಳಿಸಿ ಎಂದು ಮನೆ ಮನೆ ತಿರುಗಿ ಹೇಳಿದ್ದೆನೋ ಅದು ಸುಟ್ಟುಹೋಯಿತು ಎಂದು ಕೇಳಿದಾಗ ನನಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ದುಃಖವೂ ಬರಲಿಲ್ಲ. ಚೀಲದ ಬಗ್ಗೆಯೇ ಯೋಚನೆ.

ಸಂಯೋಜಕರು ಎರಡು ಸಲ ಬಂದರು, ಹಣ್ಣು ತಂದರು. ನಿನ್ನ ತಪ್ಪಲ್ಲ, ಕಾಡಿನ ಕೆಲಸದಲ್ಲಿ ಹೀಗೆ ಆಗುತ್ತದೆ ಎಂದರು. ಅವರ ಕಣ್ಣಲ್ಲೂ ನೀರಿತ್ತು. ಏನಾಯಿತು, ಮುಂದೆ ಏನು ಎಚ್ಚರ ವಹಿಸಬೇಕು ಎಂದು ಅರ್ಧ ಪುಟ ಬರೆದುಕೊಡು ಎಂದು ಕೇಳಿದರು. ಪಡಸಾಲೆಯ ಬೆಂಚಿನ ಮೇಲೆ ಕೂತು ಬರೆದೆ. ಹೆಜ್ಜೇನು ಇರುವ ತಿಂಗಳುಗಳಲ್ಲಿ ಮರದ ಕೆಳಗೆ ಬೆಂಕಿ ಹಾಕಬಾರದು. ಹಾಕುವುದಿದ್ದರೆ ಅವು ಬಿಟ್ಟು ಹೋದ ಮೇಲೆ, ಅಂದರೆ ಜುಲೈನಲ್ಲಿ. ಬರೆದದ್ದನ್ನು ಓದಿದಾಗ ಪೆನ್ನು ಮುಂದಕ್ಕೆ ಹೋಗಲಿಲ್ಲ. ಅವ್ವನ ಅತ್ತೆ ಬೆನ್ನಿಗೆ ಹೊಡೆದು ಕಲಿಸಿದ್ದು ಇಷ್ಟನ್ನೇ. ಆಕೆಗೂ ಕಾರಣ ಗೊತ್ತಿತ್ತೋ ಇಲ್ಲವೋ. ಎಂದೋ ಯಾರೋ ಒಬ್ಬಳು ಒಲೆಯ ಪಕ್ಕ ಹೀಗೆಯೇ ಮುದುರಿ ಕೂತಿರಬೇಕು, ಅವಳ ಕತೆ ಮರೆತು ತಿಂಗಳು ಮಾತ್ರ ಉಳಿದಿರಬೇಕು. ಟಿಪ್ಪಣಿಯ ಕೆಳಗೆ ಸಹಿ ಹಾಕಿ ಕೊಟ್ಟೆ. ಮಾರ್ಚ್ ಮೂವತ್ತೊಂದಕ್ಕೆ ನನ್ನ ಕೆಲಸ ತಾನಾಗಿ ಮುಗಿಯುವುದಿತ್ತು.

ಹನ್ನೆರಡನೆಯ ದಿನ ಮಧ್ಯಾಹ್ನ ಅವ್ವನ ಮಗ ಒಳಗಿನಿಂದ ಓಡುತ್ತಾ ಬಂದ. ಆ ಪಡಸಾಲೆಯಲ್ಲಿ ಓಡಬಾರದು, ಎಲ್ಲರೂ ತಿರುಗಿ ನೋಡಿದರು.

"ಓಯ್ತು! ಅವ್ವಂಗೆ ಉಚ್ಚೆ ಓಯ್ತು! ಇಷ್ಟು" ಎಂದು ಬೆರಳಲ್ಲಿ ಅಳತೆ ತೋರಿಸಿದ. "ಬ್ಯಾಗ್‌ನಾಗೆ ಬಂದೈತೆ. ಡಾಕ್ಟ್ರು ನೋಡಿ, ನಲ್ಲದು ನಲ್ಲದು ಅಂದ್ರು. ಅವ್ವನ ಕೇಳ್ದೆ, ಎಂಗೈತವ್ವಾ ಅಂತ. ಒಂದು ಉಚ್ಚೆಗೆ ಇಷ್ಟು ಜನ ಕೂಡ್ತೀರಾ, ನಾಚ್ಕೆ ಇಲ್ವಾ ಅಂತಾಳೆ!"

ಅವನು ನಗುತ್ತಿದ್ದ. ನಾನೂ ನಕ್ಕೆ. ಪಕ್ಕದ ಬೆಂಚಿನಲ್ಲಿದ್ದ ಯಾರದೋ ಅಜ್ಜ ಏನೂ ಅರ್ಥವಾಗದೆ ತಾನೂ ನಕ್ಕ. ನಗುತ್ತಲೇ ಅವನು ನನ್ನ ಪಕ್ಕ ಕೂತ. ಕೈಗಳ ಬಾವು ಇಳಿದಿತ್ತು, ಚರ್ಮ ಸುಲಿಯುತ್ತಿತ್ತು. ಅದನ್ನು ಉಜ್ಜಿಕೊಂಡ.

"ಒಂದು ಸೊಲ್ಲಲಾಮಾ?" ಎಂದ ತಮಿಳಿನಲ್ಲಿ. ಅದುವರೆಗೂ ಅವನು ನನ್ನ ಜೊತೆ ತಮಿಳು ಆಡಿದವನಲ್ಲ.

"ಹೇಳಣ್ಣಾ."

"ಇನ್ಮೇಲೆ ನೀವು ಬರ್ಬೇಡಿ. ಕೋಪ ಇಲ್ಲ. ಸತ್ಯವಾಗ್ಲೂ ಇಲ್ಲ. ಅವ್ವ ದಿನಾ ಕೇಳ್ತಾವ್ಳೆ, ಟೀಚರಮ್ಮ ಒರಗೆ ಅವ್ಳಾ, ಉಂಡ್ಳಾ, ಅಂತ. ಅವಳು ನಿಮ್ಮನ್ನ ಕೂರಿಸ್ಕೊಂಡು ಸಮಾಧಾನ ಮಾಡ್ತಾಳೆ, ನಂಗೊತ್ತು. ಅದನ್ನ ನಾನು ನೋಡಾಕಾಗಲ್ಲ."

ನಾನು ತಲೆಯಾಡಿಸಿದೆ. ಅವ್ವನನ್ನು ಒಂದೇ ಸಲ ನೋಡಿ ಹೋಗುತ್ತೇನೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಕೇಳುವ ಹಕ್ಕು ನನಗಿದೆಯೇ ಎಂದು ಯೋಚಿಸುವಷ್ಟರಲ್ಲಿ ಅವನು ಎದ್ದು ಒಳಗೆ ಹೋಗಿದ್ದ.

ಮನೆಗೆ ನಡೆದೇ ಬಂದೆ. ಅಮ್ಮ ಮಗ್ಗದಲ್ಲಿದ್ದಳು. ನನ್ನ ಹೆಜ್ಜೆ ಕೇಳಿ ಲಾಳಿ ನಿಲ್ಲಿಸಿ ತಿರುಗಿದಳು.

"ಎಂಗವ್ಳೆ?"

"ಉಚ್ಚೆ ಓಯ್ತಂತೆ."

ಅಮ್ಮ ಮಗ್ಗದ ಕುಳಿಯಿಂದ ಕಾಲು ತೆಗೆದು ಎದ್ದು ನಿಂತು, ಸೂರಿನ ಕಡೆ ನೋಡಿ ಎರಡೂ ಕೈ ಮುಗಿದಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ನಾಳೆ ನಾನೂ ಬತ್ತೀನಿ ಕಣೇ. ಆ ತಾಯೀನ ಒಂದ್ಸಾರಿ ಕಣ್ಣಾರೆ ನೋಡ್ಬೇಕು. ಎಷ್ಟೊತ್ತಿಗೆ ಓಗೋಣ?" ಎಂದು ಕೇಳಿದಳು.

ನಾನು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದೆ. ಅಮ್ಮ ಇನ್ನೊಂದು ಸಲ ಕೇಳಿದಳು.